ಸಹೋದರನ ಪಾದದ ಬಳಿ ಕುಳಿತ ಸಂಸ್ಥಾಪಕ

ಒಬ್ಬ ವ್ಯಕ್ತಿಯ ಆಕರ್ಷಣೆಯಿಂದ ಜನರು ಒಂದುಗೂಡುವುದನ್ನು ನಾವು ಕಂಡಿದ್ದೇವೆ. ಆದರೆ ಒಂದುಗೂಡಿದವರು ಹೊಂದಿಕೊಂಡು ದುಡಿಯಲು ಆ ಆಕರ್ಷಣೆಯೊಂದೇ ಸಾಕೇ? ಅಸ್ಸಿಸಿಯ ಸಂತ ಫ್ರಾನ್ಸಿಸರ ಜೀವನ ಈ ಪ್ರಶ್ನೆಗೆ ಉತ್ತರ ನೀಡುತ್ತದೆ.

ಇಟಲಿಯ ಬಟ್ಟೆ ವ್ಯಾಪಾರಿಯೊಬ್ಬರ ಮಗನಾದ ಫ್ರಾನ್ಸಿಸರು ಸಿರಿತನವನ್ನು ತೊರೆದು ಬಡತನವನ್ನು ವರಿಸಿದರು. 1209ರಲ್ಲಿ ಪೋಪ್ ಮೂರನೆಯ ಇನ್ನೊಸೆಂಟರು ಅವರ ಜೀವನಕ್ರಮಕ್ಕೆ ಬಾಯಿಮಾತಿನ ಒಪ್ಪಿಗೆಯನ್ನಿತ್ತಾಗ ಜೊತೆಗಿದ್ದವರು ಹನ್ನೊಂದೇ ಮಂದಿ. ಹತ್ತು ವರ್ಷಗಳಲ್ಲಿ ಆ ಸಂಖ್ಯೆ ಸಾವಿರಗಳಿಗೆ ಏರಿತು. ಲಿಖಿತ ನಿಯಮ ಅತ್ಯಲ್ಪವಾಗಿತ್ತು. ಫ್ರಾನ್ಸಿಸರ ಬದುಕೇ ಸಹೋದರರಿಗೆ ನಿಯಮವಾಗಿತ್ತು.

ಇದರ ಮಿತಿ 1219ರಲ್ಲಿ ಬಯಲಾಯಿತು. ಸುಮಾರು 60 ಸಹೋದರರು ಭಾಷೆಯರಿಯದೆ ಜರ್ಮನಿಗೆ ಹೊರಟರು. ಆಶ್ರಯ ಬೇಕೇ ಎಂದು ಕೇಳಿದವರಿಗೆ ಹೌದೆಂಬ ಅರ್ಥದ ಜರ್ಮನ್ ಪದವನ್ನು ನುಡಿದು ಸತ್ಕಾರ ಪಡೆದರು. ಪಾಷಂಡಿಗಳೇ ಎಂದು ಕೇಳಿದವರಿಗೂ ಅದೇ ಪದವನ್ನು ನುಡಿದು ಪೆಟ್ಟು ತಿಂದರು, ಸೆರೆ ಸೇರಿದರು. ಉತ್ಸಾಹವಿತ್ತು, ಸಿದ್ಧತೆಯಿರಲಿಲ್ಲ.

ಅದೇ ವರ್ಷ ಫ್ರಾನ್ಸಿಸರು ಈಜಿಪ್ಟಿಗೆ ತೆರಳಿ ಸುಲ್ತಾನ ಅಲ್-ಕಾಮಿಲನನ್ನು ಭೇಟಿಯಾದರು. ಇತ್ತ ಅವರ ಪ್ರತಿನಿಧಿಗಳು ಹೊಸ ಉಪವಾಸಗಳನ್ನು ಹೇರಿದರು; ಸಹೋದರರಲ್ಲಿ ಗೊಂದಲವೆದ್ದಿತು. 1220ರಲ್ಲಿ ಹಿಂತಿರುಗಿದ ಫ್ರಾನ್ಸಿಸರು ಅಧಿಕಾರವನ್ನು ಬಿಗಿಗೊಳಿಸಲಿಲ್ಲ, ಬಿಟ್ಟುಕೊಟ್ಟರು. ಆಡಳಿತವನ್ನು ಪೀಟರ್ ಕಟಾನಿಯವರಿಗೂ, 1221ರಲ್ಲಿ ಅವರು ತೀರಿಕೊಂಡ ಬಳಿಕ ಎಲಿಯಾಸರಿಗೂ ಒಪ್ಪಿಸಿದರು.

1221ರ ಮಹಾಸಭೆಯಲ್ಲಿ ಅಸ್ವಸ್ಥರಾಗಿದ್ದ ಸಂಸ್ಥಾಪಕರು ಎಲಿಯಾಸರ ಪಾದದ ಬಳಿ ಕುಳಿತಿದ್ದರು. ಏನಾದರೂ ಹೇಳಬೇಕೆನಿಸಿದಾಗ ಅವರ ನಿಲುವಂಗಿಯನ್ನು ಜಗ್ಗುತ್ತಿದ್ದರು. ಎಲಿಯಾಸರು ಬಾಗಿ ಕೇಳಿ ಸಭೆಗೆ ತಿಳಿಸುತ್ತಿದ್ದರು. ಜರ್ಮನಿಯನ್ನು ಮರೆಯಬಾರದೆಂದು ನೆನಪಿಸಿದವರೂ ಫ್ರಾನ್ಸಿಸರೇ. ಈ ಬಾರಿ ಆ ನಾಡಿನವರೇ ಆದ ಸ್ಪೈಯರಿನ ಸೀಸರರನ್ನು ಮುಖ್ಯಸ್ಥರನ್ನಾಗಿಸಿ, ಮುಂದೆ ಬಂದ 90 ಮಂದಿಯಲ್ಲಿ 27 ಮಂದಿಯನ್ನು ಆರಿಸಿ, ಚಿಕ್ಕ ತಂಡಗಳಾಗಿ ಕಳುಹಿಸಲಾಯಿತು. ಕಾರ್ಯ ನೆಲೆಯೂರಿತು. 1223ರಲ್ಲಿ ಪೋಪ್ ಮೂರನೆಯ ಹೊನೋರಿಯಸರು ಹನ್ನೆರಡು ಅಧ್ಯಾಯಗಳ ನಿಯಮಾವಳಿಯನ್ನು ಅಂಗೀಕರಿಸಿದರು. 1226ರ ಅಕ್ಟೋಬರ್ 3ರಂದು ಫ್ರಾನ್ಸಿಸರು ಕಣ್ಮುಚ್ಚಿದರು.

ವ್ಯವಸ್ಥೆಯೊಂದೇ ಸಾಲದೆಂಬುದೂ ಮುಂದೆ ಸ್ಪಷ್ಟವಾಯಿತು. ಸಭೆಯ ಮಹಾಧಿಕಾರಿಯಾದ ಎಲಿಯಾಸರು ವರ್ಷಗಟ್ಟಲೆ ಮಹಾಸಭೆ ಕರೆಯದೆ ಆಳಿದರು, 1239ರಲ್ಲಿ ಪದಚ್ಯುತರಾದರು.

ಪ್ರಿಯ ವಾಚಕರೇ, ನಮ್ಮ ಕಚೇರಿ, ಶಾಲೆ, ಸಂಘಗಳಲ್ಲಿಯೂ ಎಲ್ಲರ ಕಣ್ಣು ಒಬ್ಬ ನಾಯಕನ ಮೇಲೆಯೇ ನೆಟ್ಟಿದ್ದರೆ ಪಕ್ಕದಲ್ಲಿ ದುಡಿಯುವವನು ಕಾಣುವುದಿಲ್ಲ. ನಾಯಕನು ಊರಲ್ಲಿಲ್ಲದ ದಿನ ಕೆಲಸ ಹೇಗೆ ನಡೆಯುತ್ತದೆಂಬುದೇ ಅವನ ನಾಯಕತ್ವದ ಪರೀಕ್ಷೆ. ತಾನು ಕಟ್ಟಿದ ಸಂಸ್ಥೆಯಲ್ಲಿ ಕೆಳಗೆ ಕುಳಿತು ಕೇಳುವ ವಿನಯ ನಮ್ಮಲ್ಲಿ ಎಷ್ಟು ಮಂದಿಗಿದೆ?