ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಯಾಕೆ? ಮಿದುಳಿನ ಮೇಲೆಯೇ ಕರೆಂಟ್ ಅಳೆದ ಡಾಕ್ಟರ ಕತೆ

ಚಾಮರಾಜಪೇಟೆಯ ರಸ್ತೆಯಲ್ಲಿ ಯಾರಾದರೂ ಫಿಟ್ಸ್ ಬಂದು ಬಿದ್ದರೆ, ಸುತ್ತ ನಿಂತವರಲ್ಲಿ ಒಬ್ಬರಾದರೂ ಕಬ್ಬಿಣದ ಬೀಗದ ಕೈ ಹುಡುಕುತ್ತಾರೆ. ಅದನ್ನು ಕೈಗಿಟ್ಟ ಸ್ವಲ್ಪ ಹೊತ್ತಿಗೆ ಸೆಳೆತ ನಿಲ್ಲುತ್ತದೆ, ಹೆಸರು ಕಬ್ಬಿಣಕ್ಕೆ ಬರುತ್ತದೆ. ಆದರೆ ಹೆಚ್ಚಿನ ಸೆಳೆತಗಳು ಎರಡು ಮೂರು ನಿಮಿಷದಲ್ಲಿ ತಾವಾಗಿಯೇ ನಿಲ್ಲುವಂಥವು. ಬಿದ್ದವರನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಸೆಳೆತ ಕಾಣುವುದು ಕೈಕಾಲಿನಲ್ಲಿ, ಹುಟ್ಟುವುದು ಮಿದುಳಿನಲ್ಲಿ. ಅಲ್ಲಿನ ಜೀವಕೋಶಗಳು ಪುಟ್ಟ ಪುಟ್ಟ ಕರೆಂಟಿನ ಮೂಲಕ ಕೆಲಸ ಮಾಡುತ್ತವೆ. ಬಹಳಷ್ಟು ಕೋಶಗಳು ಹತೋಟಿ ತಪ್ಪಿ ಒಟ್ಟಿಗೇ ಮಿಡಿದರೆ ಫಿಟ್ಸ್. ಅದು ಯಾವ ಜಾಗದಿಂದ ಶುರುವಾಗುತ್ತದೆ ಎಂದು ಹುಡುಕಲು ಜೀವನವನ್ನೇ ಕೊಟ್ಟವರು ವೈಲ್ಡರ್ ಪೆನ್‌ಫೀಲ್ಡ್.

1891ರಲ್ಲಿ ಅಮೆರಿಕದ ಸ್ಪೋಕೇನ್‌ನಲ್ಲಿ ಹುಟ್ಟಿದ ಅವರು ಆಕ್ಸ್‌ಫರ್ಡ್‌ನಲ್ಲಿ ಓದಿದರು. 1916ರಲ್ಲಿ ಅವರಿದ್ದ ಹಡಗಿಗೆ ಜರ್ಮನ್ ಟಾರ್ಪೆಡೊ ಬಡಿದು ಗಾಯಗೊಂಡರೂ ಬದುಕಿ ಉಳಿದರು. 1928ರಲ್ಲಿ ಕೆನಡಾದ ಮಾಂಟ್ರಿಯಲ್ ಸೇರಿದರು.

ಅದೇ ವರ್ಷದ ಕೊನೆಗೆ ಅಕ್ಕ ರೂತ್ ಅವರ ಮಿದುಳಿನಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ರೂತ್‌ಗೆ ಚಿಕ್ಕಂದಿನಿಂದಲೂ ಫಿಟ್ಸ್ ಬರುತ್ತಿತ್ತು. ಸ್ವಂತ ಅಕ್ಕನ ತಲೆಗೆ ಪೆನ್‌ಫೀಲ್ಡ್ ತಾವೇ ಆಪರೇಷನ್ ಮಾಡಿದರು. ಬಲ ಮುಂಭಾಗದ ಮಿದುಳಿನ ದೊಡ್ಡ ಪಾಲು ತೆಗೆದರೂ ಗಡ್ಡೆ ಪೂರ್ತಿ ಬರಲಿಲ್ಲ. ಸುಮಾರು 15 ತಿಂಗಳ ನಂತರ ತಮ್ಮ ಮನೆಗೆ ಬಂದಾಗ ರೂತ್ ಊಟಕ್ಕೆ ಅಣಿಮಾಡಲು ಹೊರಟರು. ಅಡುಗೆಯಲ್ಲಿ ಕೈ ಪಳಗಿದವರು. ಆದರೂ ಯಾವುದು ಮೊದಲು, ಯಾವುದು ಆಮೇಲೆ ಎಂದು ತೋಚದೆ ಕಂಗೆಟ್ಟು ನಿಂತುಬಿಟ್ಟರು. ಇದನ್ನೂ ಪೆನ್‌ಫೀಲ್ಡ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿಟ್ಟರು. 1931ರಲ್ಲಿ ರೂತ್ ತೀರಿಕೊಂಡರು. ಎಷ್ಟು ಕತ್ತರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದರ ಬೆಲೆ ಅವರಿಗೆ ಮನೆಯಲ್ಲೇ ಗೊತ್ತಾಗಿತ್ತು.

ಅವರ ವಿಧಾನ ಕೇಳಿದರೆ ಮೈ ಜುಮ್ಮೆನ್ನುತ್ತದೆ: ರೋಗಿ ಎಚ್ಚರವಾಗಿರುತ್ತಿದ್ದರು! ಮಿದುಳಿಗೆ ಸ್ವತಃ ನೋವು ತಿಳಿಯುವುದಿಲ್ಲ, ಹಾಗಾಗಿ ತಲೆಯ ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟರೆ ಸಾಕು. ಮಿದುಳಿನ ಒಂದೊಂದು ಜಾಗಕ್ಕೆ ಸಣ್ಣ ಕರೆಂಟ್ ತಾಗಿಸಿ ಏನಾಯಿತೆಂದು ಕೇಳುತ್ತಿದ್ದರು. ಬೆರಳು ಅಲುಗಿತೇ, ಮಾತು ನಿಂತಿತೇ ಎಂದು ನೋಡಿ ನಂಬರಿನ ಚೀಟಿ ಇಡುತ್ತಿದ್ದರು. ಮಾತಿನ ಜಾಗ ಉಳಿಸಿ, ಕೆಟ್ಟ ಜಾಗ ತೆಗೆಯಲು ಈ ನಕ್ಷೆ.

ಜರ್ಮನಿಯ ಹ್ಯಾನ್ಸ್ ಬರ್ಗರ್ 1929ರಲ್ಲೇ ಇಇಜಿ ಬಗ್ಗೆ ಪ್ರಕಟಿಸಿದ್ದರು. ಆದರೆ ನೆತ್ತಿಯ ಮೇಲಿಂದ ಅಳೆದರೆ ತಲೆಬುರುಡೆ ದಾಟುವಷ್ಟರಲ್ಲಿ ಸಿಗ್ನಲ್ ಸೊರಗುತ್ತದೆ, ಪಕ್ಕದ ಕೋಣೆಯ ಮಾತು ಗೋಡೆಯಾಚೆಯಿಂದ ಕೇಳಿದ ಹಾಗೆ. 1930ರ ದಶಕದ ಕೊನೆಗೆ ಹರ್ಬರ್ಟ್ ಜಾಸ್ಪರ್ ಜೊತೆ ಸೇರಿದ ಮೇಲೆ ಆಪರೇಷನ್ ಕೋಣೆಯಲ್ಲೇ ಮಿದುಳಿನ ಮೇಲ್ಮೈಗೆ ಎಲೆಕ್ಟ್ರೋಡ್ ಇಟ್ಟು ಅಲೆಗಳನ್ನು ದಾಖಲಿಸಲು ಶುರುಮಾಡಿದರು. ಗೋಡೆ ಹೋಯಿತು, ಮಾತು ಸ್ಪಷ್ಟವಾಯಿತು. ಇದಕ್ಕೇ ಈಗ ಎಲೆಕ್ಟ್ರೋಕಾರ್ಟಿಕೋಗ್ರಫಿ ಎನ್ನುವುದು.

ನಾವು ನೋಡಿದ ಹೊತ್ತಿನಂದೆಲ್ಲ ಮಿದುಳಿನಲ್ಲಿ ವಿಡಿಯೊ ಹಾಗೆ ಅಚ್ಚಾಗಿ ಉಳಿದಿದೆ ಎಂಬ ಫಾರ್ವರ್ಡ್‌ಗೂ ಬೇರು ಇಲ್ಲೇ ಇದೆ. ಕರೆಂಟ್ ತಾಗಿಸಿದಾಗ ಕೆಲವರಿಗೆ ಹಳೆಯ ಹಾಡು, ದೃಶ್ಯ ಬಂದ ಹಾಗಾಗುತ್ತಿತ್ತು. ಪೆನ್‌ಫೀಲ್ಡ್ ಕೂಡ ಎಲ್ಲವೂ ದಾಖಲಾಗಿದೆ ಎಂದೇ ನಂಬಿದ್ದರು. ಆದರೆ 1963ರ ಅವರದೇ ಲೆಕ್ಕದಲ್ಲಿ 1,100ಕ್ಕೂ ಹೆಚ್ಚು ರೋಗಿಗಳಲ್ಲಿ ಹಾಗೆ ಆಗಿದ್ದು 40 ಜನರಿಗೆ ಮಾತ್ರ. ನೆನಪು ಪ್ರತಿ ಸಲವೂ ಹೊಸದಾಗಿ ಜೋಡಿಸಿಕೊಳ್ಳುವಂಥದ್ದು ಎಂದೇ ಇಂದಿನ ವಿಜ್ಞಾನ ಹೇಳುತ್ತದೆ. ದೊಡ್ಡವರು ಹೇಳಿದ್ದೆಲ್ಲ ಸರಿ ಇರಬೇಕಿಲ್ಲ.

ಪೆನ್‌ಫೀಲ್ಡ್ 1976ರಲ್ಲಿ ತೀರಿಕೊಂಡರು. ಈಗ ತೆಳು ಹಾಳೆಯಂಥ ಎಲೆಕ್ಟ್ರೋಡ್‌ಗಳನ್ನು ಮಿದುಳಿನ ಮೇಲೆ ಹಾಸಿ, ದಿನಗಟ್ಟಲೆ ದಾಖಲಿಸಿ ನೋಡುವುದೂ ಉಂಟು. ಮೂರ್ಛೆರೋಗ ಇರುವವರಲ್ಲಿ ಸುಮಾರು ಮೂರನೇ ಒಂದು ಪಾಲು ಜನಕ್ಕೆ ಮಾತ್ರೆಯಿಂದ ಹತೋಟಿಗೆ ಬರುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡು ಬಗೆಯ ಮಾತ್ರೆ ಸರಿಯಾಗಿ ತಗೊಂಡರೂ ಫಿಟ್ಸ್ ನಿಂತಿಲ್ಲವೇ? ಆಪರೇಷನ್ ಆಗುತ್ತದೆಯೇ ಎಂದು ನರರೋಗ ತಜ್ಞರನ್ನು ಕೇಳಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಈ ಚಿಕಿತ್ಸೆ ಇದೆ.