ಗಾಳ ಹಿಡಿದ ಕಲೆಕ್ಟರು

ಹೆನ್ರಿ ಸಲಿವನ್ ಥಾಮಸರ ಹೆಸರು ಗಾಳದ ಹವ್ಯಾಸಿಗಳಿಗೆ ಇಂದಿಗೂ ಪರಿಚಿತ. ಮದರಾಸು ಸಿವಿಲ್ ಸರ್ವಿಸಿನ ಈ ದೊರೆಗಳು ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದಾಗ, ಕಚೇರಿಯ ಕಾಗದಗಳಷ್ಟೇ ಶ್ರದ್ಧೆಯಿಂದ ಹೊಳೆಯನ್ನೂ ಅಳಿವೆಯನ್ನೂ ಓದಿದರು. 1873ರಲ್ಲಿ ಮಂಗಳೂರಿನಿಂದ ಹೊರಬಿದ್ದ 'ದಿ ರಾಡ್ ಇನ್ ಇಂಡಿಯಾ' ಆ ಓದಿನ ಫಲ.

ಕಡಲು ಕಾಣದ ತೆಕ್ಕಲಕೋಟೆಯಲ್ಲಿ ಕುಳಿತು ಕಡಲ ಬೇಟೆಯ ಹಳೆಯ ರೀಲುಗಳನ್ನು ರಿಪೇರಿ ಮಾಡುವ ನನಗೆ ಅವರು ಹತ್ತಿರದವರಾದದ್ದು ಅಳಿವೆಯ ಉಪ್ಪಿನಿಂದಲೇ. ಹಿತ್ತಾಳೆಯ ರೀಲಿಗೆ ಉಕ್ಕಿನ ತಿರುಪುಮೊಳೆ ಕೂಡಿಸಿದ್ದರೆ, ನಡುವೆ ಸೇರಿದ ಉಪ್ಪುನೀರು ಮೊದಲು ಉಕ್ಕನ್ನು ತಿನ್ನುತ್ತದೆ. ಹಿತ್ತಾಳೆಗೆ ಕಿಲುಬು ಹತ್ತುತ್ತದೆ. ಬಲ ಹಾಕಿದರೆ ಮೊಳೆಯ ತಲೆ ಮುರಿದೇ ಹೋಗುವುದು. ಬೆಚ್ಚನೆಯ ಸಿಹಿನೀರಿನಲ್ಲಿ ನೆನೆಹಾಕಿ, ಒರಸಿ ಒಣಗಿಸಿ, ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಬೇಕು. ಮುರಿದ ಸ್ಪ್ರಿಂಗನ್ನು ಹೊಸದಾಗಿ ಬಗ್ಗಿಸಿಕೊಳ್ಳಬಹುದು. ಸವೆದ ಹಲ್ಲನ್ನು ಅರದಿಂದ ಉಜ್ಜಿ ಸರಿಮಾಡಬಹುದು. ನಿಂತುಹೋಗಿದ್ದ ಕಿಟಕಿಟ ಸದ್ದು ಮರಳಿದಾಗಿನ ಸಂತೋಷ ಹೇಳತೀರದು.

ಮೀನಿನ ಸಂತತಿಗೆ ಇಂಥ ರಿಪೇರಿಯಿಲ್ಲ. ಥಾಮಸರು ಇದನ್ನು ಬೇಗನೆ ಕಂಡುಕೊಂಡರು. ಹೊಳೆಗೆ ನಂಜು ಬೆರೆಸುವುದು, ಸಣ್ಣ ಕಣ್ಣಿನ ಬಲೆಯಿಂದ ಮರಿಗಳನ್ನು ಬಾಚುವುದು ಇವುಗಳ ಹಾನಿಯನ್ನು ದಕ್ಷಿಣ ಕನ್ನಡದ ಮೀನುಸಾಕಣೆಯನ್ನು ಕುರಿತ 1870ರ ವರದಿಯ ಕಾಲದಿಂದಲೇ ಸರಕಾರದ ಮುಂದಿಟ್ಟರು. ಬೇಟೆಗಾರನೇ ಕಾವಲಿಗೆ ನಿಂತದ್ದು ನನಗೆ ಸೋಜಿಗವೆನಿಸದು. ನೀರಿನ ಬಡತನ ಮೊದಲು ತಿಳಿಯುವುದು ದಡದಲ್ಲಿ ಕಾದು ಕುಳಿತವನಿಗೇ. ಆದರೂ ದೊರೆಯ ಆಟದ ಮೀನು ಬೇರೆ, ಬಡವನ ಊಟದ ಮೀನು ಬೇರೆ. ನಿರ್ಬಂಧದ ಭಾರ ಇಬ್ಬರ ಮೇಲೂ ಸಮನಾಗಿ ಬೀಳುವುದಿಲ್ಲ.

ನಂಜನ್ನೂ ಸಿಡಿಮದ್ದನ್ನೂ ತಡೆಯುವ ಭಾರತೀಯ ಮೀನುಗಾರಿಕೆ ಶಾಸನ ಬಂದದ್ದು 1897ರಲ್ಲಿ. ಥಾಮಸರ ಪುಸ್ತಕ ಮೂರನೆಯ ಆವೃತ್ತಿಯನ್ನು ಕಂಡದ್ದೂ ಅದೇ ವರ್ಷ.