ಸಂಶೋಧಕರ ಗುರು ರಾಮನ್

ಶಾಲೆಯಲ್ಲಿ ಗುರುಗಳು ಪ್ರಶ್ನೆ ಕೇಳುತ್ತಾರೆ, ಶಿಷ್ಯರು ಉತ್ತರ ಹೇಳುತ್ತಾರೆ. ಸಂಶೋಧನೆಯಲ್ಲಾದರೋ ಪ್ರಶ್ನೆಯನ್ನೂ ಶಿಷ್ಯನೇ ಹುಡುಕಿಕೊಳ್ಳಬೇಕು. ಉತ್ತರ ಯಾವ ಗ್ರಂಥದಲ್ಲಿಯೂ ಬರೆದಿರುವುದಿಲ್ಲ. ಇಂತಹ ಸ್ವತಂತ್ರ ಬುದ್ಧಿಯನ್ನು ಮತ್ತೊಬ್ಬರಲ್ಲಿ ಬೆಳೆಸುವುದು ಕಷ್ಟಸಾಧ್ಯವಾದ ಕಾರ್ಯ. ಅದನ್ನು ಸಾಧಿಸಿದವರಲ್ಲಿ ಚಂದ್ರಶೇಖರ ವೆಂಕಟರಾಮನ್ ಪ್ರಮುಖರು.

ರಾಮನ್ನರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, 1906ರಲ್ಲಿ, ಅವರ ಮೊದಲ ಸಂಶೋಧನ ಲೇಖನ ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. 1907ರಲ್ಲಿ ಎಂ.ಎ. ಮುಗಿಸಿ ಕಲ್ಕತ್ತೆಯಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾದರು. ಕಚೇರಿಗೆ ಹೋಗುವ ಮುನ್ನ ಮತ್ತು ಕಚೇರಿ ಮುಗಿದ ಬಳಿಕ ಅಲ್ಲಿನ ವಿಜ್ಞಾನ ಸಂಘವೊಂದರ ಪ್ರಯೋಗಶಾಲೆಯಲ್ಲಿ ದುಡಿದರು. 1917ರಲ್ಲಿ ಹೆಚ್ಚಿನ ಸಂಬಳದ ಆ ಹುದ್ದೆಯನ್ನು ತೊರೆದು ಕಲ್ಕತ್ತ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪದವಿಯನ್ನು ಒಪ್ಪಿಕೊಂಡರು.

1921ರಲ್ಲಿ ಇಂಗ್ಲೆಂಡಿಗೆ ಹೋಗಿಬಂದಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರ ಮನಸ್ಸನ್ನು ಸೆಳೆಯಿತು. ಇಂತಹ ನೀಲಿ ನಮಗೂ ಹೊಸದಲ್ಲ. ಯಳಂದೂರು ಸೀಮೆಯ ಅಗರದಂತಹ ಊರುಗಳಿಂದ ನೋಡಿದರೆ ಬಿಳಿಗಿರಿರಂಗನ ಬೆಟ್ಟ ನೀಲಿಯಾಗಿ ತೋರುತ್ತದೆ. ಹತ್ತಿರ ಹೋದರೆ ಅದೇ ಬೆಟ್ಟ ಹಸುರು. ನಡುವಣ ಗಾಳಿ ಬೆಳಕನ್ನು ಚದುರಿಸುವುದೇ ಇದಕ್ಕೆ ಕಾರಣ. ಸಮುದ್ರದ ನೀಲಿ ಆಕಾಶದ ಬರಿಯ ಪ್ರತಿಬಿಂಬವಲ್ಲ, ನೀರಿನ ಅಣುಗಳೂ ಬೆಳಕನ್ನು ಚದುರಿಸುತ್ತವೆ ಎಂದು ರಾಮನ್ನರು ತೋರಿಸಿದರು.

ಈ ಅನ್ವೇಷಣೆಯಲ್ಲಿ ಅವರು ಶಿಷ್ಯರನ್ನೂ ಜೊತೆಗೂಡಿಸಿಕೊಂಡರು. 1923ರಲ್ಲಿ ಕೆ. ಆರ್. ರಾಮನಾಥನ್ ನೀರಿನಲ್ಲಿ ಚದುರಿದ ಬೆಳಕಿನೊಡನೆ ಬೇರೆ ಬಣ್ಣದ ಕ್ಷೀಣವಾದ ಬೆಳಕೊಂದನ್ನು ಕಂಡರು. ಕಲ್ಮಷವೇ ಕಾರಣವಿರಬಹುದೆಂದು ನೀರನ್ನು ಮತ್ತೆ ಮತ್ತೆ ಶುದ್ಧಗೊಳಿಸಿ ಪರೀಕ್ಷಿಸಿದರೂ ಅದು ಮಾಯವಾಗಲಿಲ್ಲ. ಶಿಷ್ಯನ ಕಣ್ಣಿಗೆ ಬಿದ್ದ ಈ ಸಣ್ಣ ಸಂಗತಿಯನ್ನು ಗುರು ಅಲಕ್ಷಿಸಲಿಲ್ಲ. ಇನ್ನೊಬ್ಬ ಶಿಷ್ಯ ಕೆ. ಎಸ್. ಕೃಷ್ಣನ್ ಅನೇಕ ದ್ರವಗಳಲ್ಲಿ ಅದೇ ಬೆಳಕನ್ನು ಗುರುತಿಸಿದರು. ಕೊನೆಗೆ 1928ರ ಫೆಬ್ರವರಿ 28ರಂದು ಅದರ ನಿಜಸ್ವರೂಪ ಸ್ಪಷ್ಟವಾಯಿತು. ಅದೇ ರಾಮನ್ ಪರಿಣಾಮ. 1930ರಲ್ಲಿ ಅದಕ್ಕೆ ನೊಬೆಲ್ ಪಾರಿತೋಷಕ ದೊರೆಯಿತು.

1933ರಲ್ಲಿ ರಾಮನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದು ಅಲ್ಲಿ ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. ಮರುವರ್ಷ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ ಸಂಶೋಧನ ಪತ್ರಿಕೆಯನ್ನು ಹೊರಡಿಸಿದರು. ತಮ್ಮ ಶೋಧನೆಯನ್ನು ಲೋಕದ ಮುಂದಿಡಲು ತರುಣರಿಗೆ ಸ್ವದೇಶದಲ್ಲಿಯೇ ಒಂದು ವೇದಿಕೆ ದೊರೆಯಿತು. ವಿದ್ಯುತ್ ಎಂಜಿನಿಯರಿಂಗ್ ಕಲಿಯಲು ಬಂದ ಜಿ. ಎನ್. ರಾಮಚಂದ್ರನ್ ಅವರನ್ನು ಭೌತವಿಜ್ಞಾನಕ್ಕೆ ಸೆಳೆದವರು ರಾಮನ್ನರೇ. ಮುಂದೆ ರಾಮಚಂದ್ರನ್ ತಮ್ಮದೇ ದಾರಿ ಹಿಡಿದು ಪ್ರೋಟೀನುಗಳ ರಚನೆಯನ್ನು ಶೋಧಿಸಿ ವಿಶ್ವವಿಖ್ಯಾತರಾದರು.

ಇಂತಹ ಗುರುವಿಗೂ ಒಂದು ಕೊರತೆಯಿತ್ತು. 1933ರಲ್ಲಿ ಕಮಲಾ ಭಾಗವತ್ ಎಂಬ ವಿದ್ಯಾರ್ಥಿನಿ ಪ್ರವೇಶ ಕೋರಿದಾಗ, ಹೆಣ್ಣೆಂಬ ಕಾರಣದಿಂದ ರಾಮನ್ನರು ನಿರಾಕರಿಸಿದರು. ಆಕೆ ಹಟ ಬಿಡದೆ ನಿಂತು ಒಂದು ವರ್ಷದ ಪರೀಕ್ಷಾ ಅವಧಿಯ ಮೇಲೆ ಪ್ರವೇಶ ಪಡೆದರು. ಆಕೆಯ ಕೆಲಸ ಮೆಚ್ಚುಗೆ ಗಳಿಸಿತು. ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. ಕಮಲಾ 1939ರಲ್ಲಿ ಕೇಂಬ್ರಿಜಿನಲ್ಲಿ ಡಾಕ್ಟರೇಟ್ ಪಡೆದರು.

1940ರಲ್ಲಿ ರಾಮನ್ನರ ಪ್ರಯೋಗಶಾಲೆ ಸೇರಿದ ಅಣ್ಣಾ ಮಣಿ ವಜ್ರಗಳು ಸೂಸುವ ಬೆಳಕನ್ನು ಅಭ್ಯಸಿಸಿದರು. ಒಂದೊಂದು ಛಾಯಾಚಿತ್ರ ಫಲಕಕ್ಕೂ ಹಲವು ಗಂಟೆಗಳ ಕಾಲ ಬೆಳಕು ಬೀಳಬೇಕಾಗಿತ್ತು. ಆಕೆ ತಮ್ಮೊಬ್ಬರ ಹೆಸರಿನಲ್ಲಿಯೇ ಐದು ಲೇಖನಗಳನ್ನು ಪ್ರಕಟಿಸಿದರು. ಆ ಕಾಲದಲ್ಲಿ ವಿಜ್ಞಾನ ಸಂಸ್ಥೆಗೆ ಪದವಿ ನೀಡುವ ಅಧಿಕಾರವಿರಲಿಲ್ಲ. ಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದಾಗ, ಎಂ.ಎಸ್‌ಸಿ. ಇಲ್ಲವೆಂಬ ಕಾರಣದಿಂದ ಡಾಕ್ಟರೇಟ್ ದೊರೆಯಲಿಲ್ಲ. ಆಕೆ ಎದೆಗುಂದಲಿಲ್ಲ. ಹವಾಮಾನ ಇಲಾಖೆಯನ್ನು ಸೇರಿ, ಹವಾಮಾನ ಉಪಕರಣಗಳನ್ನು ನಮ್ಮ ದೇಶದಲ್ಲಿಯೇ ತಯಾರಿಸುವ ಕಾರ್ಯದಲ್ಲಿ ಅಗ್ರಗಣ್ಯರಾದರು. ಪದವಿ ಕೈತಪ್ಪಿದರೂ ಸಂಶೋಧಕಿಯ ವಿದ್ಯೆ ಕೈಬಿಡಲಿಲ್ಲ.

1948ರಲ್ಲಿ ನಿವೃತ್ತರಾದ ರಾಮನ್ನರು ಬೆಂಗಳೂರಿನಲ್ಲಿ ತಾವೇ ಕಟ್ಟಿದ ಸಂಶೋಧನಾಲಯದಲ್ಲಿ ಕೊನೆಯವರೆಗೂ ದುಡಿದರು. 1954ರಲ್ಲಿ ಭಾರತರತ್ನ ಪ್ರಶಸ್ತಿ ಸಂದಿತು. 1970ರ ನವೆಂಬರ್ 21ರಂದು ಅವರು ನಿಧನರಾದರು. ಕಂಡದ್ದನ್ನು ಅಲಕ್ಷಿಸದಿರುವುದು, ಸಂದೇಹ ಬಂದರೆ ಮತ್ತೆ ಪರೀಕ್ಷಿಸುವುದು, ತನ್ನ ತೀರ್ಮಾನಕ್ಕೆ ತಾನೇ ಹೊಣೆಯಾಗುವುದು — ಅವರ ಪ್ರಯೋಗಶಾಲೆಯಿಂದ ಶಿಷ್ಯರು ಕೊಂಡೊಯ್ದ ಸಂಪತ್ತು ಇದೇ. ಗುರುವಿನ ನೆರಳಿನಿಂದ ಹೊರಬಂದು ತನ್ನ ಬೆಳಕಿನಲ್ಲಿ ನಡೆಯುವ ಶಿಷ್ಯನೇ ಗುರುವಿನ ನಿಜವಾದ ಕೀರ್ತಿ.